ಎಸ್ಸೆಂಪಿಎಸ್ ಎಂಬ ಡಬ್ಬಿಯ ಚರಿತ್ರೆ

ಹೊಸ ಕಂಪ್ಯೂಟರ್ ತಗೊಂಡೆ ಅಂತ ಯಾರಾದರೂ ಹೇಳಿದರೆ ನಾವು ಕೇಳುವ ಪ್ರಶ್ನೆಗಳು ಗೊತ್ತೇ ಇವೆ. ಪ್ರಾಸೆಸರ್ ಯಾವುದು? ರ‍್ಯಾಮ್ ಎಷ್ಟು? ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೀಯಾ? ಆದರೆ "ಎಸ್ಸೆಂಪಿಎಸ್ ಯಾವುದು?" ಅಂತ ಕೇಳಿದವರನ್ನು ನಾನು ಕಂಡದ್ದು ಬಹಳ ಕಡಿಮೆ. ಅದು ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ಡಬ್ಬಿ. ಹಿಂದೆ ಒಂದು ಫ್ಯಾನು, ಮುಂದೆ ಬಣ್ಣಬಣ್ಣದ ವೈರುಗಳ ಜಡೆ. ಮನೆಯ ನೀರಿನ ಪಂಪಿನ ಹಾಗೆ, ಕೆಟ್ಟಾಗ ಮಾತ್ರ ಅದರ ನೆನಪು.

ಈ ಡಬ್ಬಿಗೂ ಒಂದು ಚರಿತ್ರೆ ಇದೆ ಸ್ವಾಮಿ. ಗ್ರಾಫಿಕ್ಸ್ ಕಾರ್ಡಿಗೆ ಎಂಥಾ ಎಸ್ಸೆಂಪಿಎಸ್ ಹಾಕಬೇಕು ಅನ್ನುವ ಪ್ರಶ್ನೆಗೆ ಉತ್ತರ ಆ ಚರಿತ್ರೆಯಲ್ಲೇ ಇದೆ ಅನ್ನುವುದು ನನ್ನ ವಾದ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ವ್ಯಾಟ್ ಸಂಖ್ಯೆ ನಲವತ್ತು ವರ್ಷಗಳಿಂದ ನೋಡುವುದಕ್ಕೆ ಒಂದೇ ಥರ ಇದೆ. ಅದರ ಅರ್ಥ ಮಾತ್ರ ಮೂರು ನಾಲ್ಕು ಸಲ ಬದಲಾಗಿಬಿಟ್ಟಿದೆ. ಹಳೇ ಅರ್ಥ ಹಿಡಿದುಕೊಂಡು ಹೊಸ ಕಾರ್ಡು ಹಾಕಿಸಿದವರ ದುಡ್ಡು ಹೊಗೆಯಾಗಿದೆ, ಅಕ್ಷರಶಃ! ಬರಹ ಸ್ವಲ್ಪ ಉದ್ದ ಇದೆ, ಕಾಫಿ ಮಾಡಿಕೊಂಡು ಬನ್ನಿ.

ಹೆಸರಲ್ಲೇ ಇರುವ ಇತಿಹಾಸ

ಅಮೆರಿಕ, ಯುರೋಪಿನವರು ಈ ಡಬ್ಬಿಯನ್ನು ಪಿಎಸ್‌ಯು ಅನ್ನುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ "ಒಂದು ಪಿಎಸ್‌ಯು ಕೊಡಿ" ಅಂದು ನೋಡಿ, ಅಂಗಡಿಯವನು ಒಂದು ಕ್ಷಣ ಮುಖ ನೋಡುತ್ತಾನೆ. (ನಮಗೆ ಪಿಎಸ್‌ಯು ಅಂದರೆ ಬಿಇಎಲ್, ಎಚ್‌ಎಎಲ್ ಅಲ್ವೇ!) ನಮ್ಮ ಅಂಗಡಿಗಳಲ್ಲಿ ಅದು ಯಾವತ್ತಿಗೂ ಎಸ್ಸೆಂಪಿಎಸ್ಸು. ಬಿಡಿಸಿ ಹೇಳಿದರೆ ಸ್ವಿಚ್ಡ್ ಮೋಡ್ ಪವರ್ ಸಪ್ಲೈ. ಈ ಹೆಸರಿನಲ್ಲೇ 1970ರ ದಶಕದ ಒಂದು ದೊಡ್ಡ ಬದಲಾವಣೆ ಅಡಗಿದೆ.

ಅದಕ್ಕಿಂತ ಮುಂಚೆ ಇದ್ದದ್ದು ಲೀನಿಯರ್ ಸಪ್ಲೈ. ಗೋಡೆಯಿಂದ ಬರುವ ಕರೆಂಟು ನಮ್ಮಲ್ಲಿ ಸೆಕೆಂಡಿಗೆ 50 ಸಲ, ಅಮೆರಿಕದಲ್ಲಿ 60 ಸಲ ಅಲೆಯಾಗಿ ಏರಿಳಿಯುತ್ತದೆ. ಆ ನಿಧಾನದ ಅಲೆಯನ್ನು ಇಳಿಸಲು ಕಬ್ಬಿಣದ ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕು. ಇಳಿಸಿದ ಮೇಲೂ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಬರುತ್ತದೆ, ಆ ಹೆಚ್ಚಳವನ್ನು ಶಾಖವಾಗಿ ಸುಟ್ಟುಬಿಡುವುದು. ಒಳಗೆ ಹೋದ ವಿದ್ಯುತ್ತಿನಲ್ಲಿ ಅರ್ಧಕ್ಕರ್ಧ ಬಿಸಿಯಾಗಿ ಹೋದರೂ ಆಶ್ಚರ್ಯವಿಲ್ಲ. 1975ರ ಆಲ್ಟೇರ್ 8800 ಕಂಪ್ಯೂಟರಿನಲ್ಲಿ ಇದ್ದದ್ದು ಇಂಥದ್ದೇ.

ಸ್ವಿಚಿಂಗ್ ವಿಧಾನ ಬೇರೆ. ಇದು ಮೊದಲು ಗೋಡೆಯ ಕರೆಂಟನ್ನು ನೇರವಾಗಿ ಡಿಸಿ ಮಾಡುತ್ತದೆ. ನಮ್ಮ 230 ವೋಲ್ಟ್ ಎಸಿ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ಆಮೇಲೆ ಒಂದು ಟ್ರಾನ್ಸಿಸ್ಟರ್ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಮಾಡುತ್ತಾ ಹೆಚ್ಚಿಹಾಕುತ್ತದೆ. ಇಷ್ಟು ಬೇಗ ಬೇಗ ಬರುವ ತುಣುಕುಗಳಿಗೆ ಚಿಕ್ಕ ಟ್ರಾನ್ಸ್‌ಫಾರ್ಮರ್ ಸಾಕು. ಸೆಕೆಂಡಿಗೆ 50 ಸಲ ಕೊಡದಲ್ಲಿ ನೀರು ಹೊರುವುದರ ಬದಲು 50 ಸಾವಿರ ಸಲ ಚಮಚದಲ್ಲಿ ಹೊತ್ತ ಹಾಗೆ. ಹೊರುವ ನೀರು ಅಷ್ಟೇ, ಪಾತ್ರೆ ಮಾತ್ರ ಪುಟ್ಟದು. ಬೇಕಾದಷ್ಟನ್ನೇ ಹೊರುವುದರಿಂದ ಚೆಲ್ಲುವುದೂ ಕಡಿಮೆ.

ಈ ಉಪಾಯವನ್ನು ಕಂಡುಹಿಡಿದವರು ಯಾರು? ಇಲ್ಲೊಂದು ಸ್ವಾರಸ್ಯದ ಜಗಳವಿದೆ. 1977ರ ಆಪಲ್ 2 ಕಂಪ್ಯೂಟರಿಗೆ ಸ್ವಿಚಿಂಗ್ ಸಪ್ಲೈ ಮಾಡಿಕೊಟ್ಟವರು ರಾಡ್ ಹೋಲ್ಟ್. ಸ್ಟೀವ್ ಜಾಬ್ಸ್‌ಗೆ ಫ್ಯಾನಿನ ಗದ್ದಲ ಬೇಡವಾಗಿತ್ತು. ಲೀನಿಯರ್ ಸಪ್ಲೈ ಇಟ್ಟು ಫ್ಯಾನ್ ತೆಗೆದರೆ ಪೆಟ್ಟಿಗೆ ಕಾದ ಹೆಂಚಾಗುತ್ತದೆ. ಹೋಲ್ಟ್ ಮಾಡಿದ ಸಪ್ಲೈ ತಣ್ಣಗೆ, ಹಗುರವಾಗಿ ಇತ್ತು. 1978ರಲ್ಲಿ ಅದಕ್ಕೆ ಪೇಟೆಂಟೂ ಸಿಕ್ಕಿತು. ಇವತ್ತಿನ ಎಲ್ಲಾ ಕಂಪ್ಯೂಟರುಗಳೂ ಹೋಲ್ಟ್ ಮಾಡಿದ್ದನ್ನೇ ನಕಲು ಹೊಡೆದಿವೆ ಎಂಬರ್ಥದ ಮಾತನ್ನು ಜಾಬ್ಸ್ ಹೇಳಿದ್ದು 2011ರಲ್ಲಿ ಬಂದ ವಾಲ್ಟರ್ ಐಸಾಕ್ಸನ್ ಬರೆದ ಜೀವನಚರಿತ್ರೆಯಲ್ಲಿ ದಾಖಲಾಗಿದೆ.

ಕೆನ್ ಶಿರಿಫ್ ಎಂಬ ಎಂಜಿನಿಯರ್ (ಅವರೂ ನಮ್ಮ ಹಾಗೆ ಬ್ಲಾಗಿಗರೇ!) ಹಳೇ ಪೇಟೆಂಟು, ಕೈಪಿಡಿಗಳನ್ನೆಲ್ಲ ಕೆದಕಿ 2012ರಲ್ಲಿ ಬರೆದ ಬರಹ ಬೇರೆಯೇ ಕತೆ ಹೇಳುತ್ತದೆ. ಬಾಹ್ಯಾಕಾಶದ ಉಪಕರಣಗಳಲ್ಲಿ ಈ ವಿಧಾನ 1960ರ ದಶಕದಲ್ಲೇ ಇತ್ತು. 1971ರ ಎಚ್‌ಪಿ 2100ಎ ಮಿನಿಕಂಪ್ಯೂಟರಿನಲ್ಲೂ ಇತ್ತು. ನಿಜವಾದ ಕಾರಣ ಹೆಚ್ಚಿನ ವೋಲ್ಟೇಜು ತಡೆಯುವ ಟ್ರಾನ್ಸಿಸ್ಟರುಗಳು ಅಗ್ಗವಾದದ್ದು. ಇನ್ನು ರಾಬರ್ಟ್ ಬೋಶರ್ಟ್ ಅನ್ನುವವರು ಕೆಲಸ ಬಿಟ್ಟು, ಅಡಿಗೆಮನೆಯ ಮೇಜಿನ ಮೇಲೆ ಸಪ್ಲೈ ಕಟ್ಟುತ್ತಾ ಕೂತರು. 1974ರ ಹೊತ್ತಿಗೆ ಪ್ರಿಂಟರುಗಳಿಗೆ ಬೇಕಾದ ಅಗ್ಗದ ಸ್ವಿಚಿಂಗ್ ಸಪ್ಲೈಗಳನ್ನು ರಾಶಿರಾಶಿ ಮಾಡಿ ಮಾರತೊಡಗಿದ್ದರು. ಹೋಲ್ಟ್ ಜಾಣ್ಮೆಯ ಕೆಲಸ ಮಾಡಿದ್ದು ಸುಳ್ಳಲ್ಲ, ಆದರೆ ಈ ತೇರನ್ನು ಎಳೆದ ಕೈಗಳು ಬಹಳ.

63.5 ವ್ಯಾಟಿನ ಲೆಕ್ಕ

1981ರಲ್ಲಿ ಐಬಿಎಂ ಪಿಸಿ ಬಂತು. ಅದರ ಎಸ್ಸೆಂಪಿಎಸ್ ಎಷ್ಟು ವ್ಯಾಟಿನದು ಗೊತ್ತೇ? 63.5. ಹಳೇ ಬಲ್ಬೊಂದಕ್ಕೆ ಬೇಕಾಗುತ್ತಿದ್ದಷ್ಟು. ಈ ಅರ್ಧ ವ್ಯಾಟಿನ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. ಬಿಡಿಸಿದರೆ ಹೀಗೆ: 5 ವೋಲ್ಟಿನಲ್ಲಿ 7 ಆಂಪಿಯರ್, ಅಂದರೆ 35 ವ್ಯಾಟ್. 12 ವೋಲ್ಟಿನಲ್ಲಿ 2 ಆಂಪಿಯರ್, 24 ವ್ಯಾಟ್. ಮೈನಸ್ 5 ಮತ್ತು ಮೈನಸ್ 12 ವೋಲ್ಟುಗಳಲ್ಲಿ ಉಳಿದ ನಾಲ್ಕೂವರೆ ವ್ಯಾಟ್. ಕೂಡಿ ನೋಡಿ, ಸರಿಯಾಗಿ 63.5 ಬರುತ್ತದೆ.

ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆಗಿನ ಚಿಪ್ಪುಗಳೆಲ್ಲ ಉಣ್ಣುತ್ತಿದ್ದದ್ದು 5 ವೋಲ್ಟು. 12 ವೋಲ್ಟು ಇದ್ದದ್ದು ಮುಖ್ಯವಾಗಿ ಫ್ಲಾಪಿ ಡ್ರೈವಿನ ಮೋಟಾರು ತಿರುಗಿಸುವುದಕ್ಕೆ. ಅಂದರೆ ಮನೆ ಯಜಮಾನ 5, ಕೆಲಸದಾಳು 12.

1983ರ ಎಕ್ಸ್‌ಟಿ ಮಾದರಿಯಲ್ಲಿ ಹಾರ್ಡ್ ಡಿಸ್ಕ್ ಬಂತು, ಡಬ್ಬಿ 130 ವ್ಯಾಟ್ ಆಯಿತು. 1984ರ ಎಟಿ ಮಾದರಿಗೆ 192 ವ್ಯಾಟ್. ಈ 192 ಅನ್ನೂ ನೆನಪಿಡಿ. ಆಗ ಗ್ರಾಫಿಕ್ಸ್ ಕಾರ್ಡ್ ಅಂದರೆ ಪರದೆಯ ಮೇಲೆ ಅಕ್ಷರ ಮೂಡಿಸುವ, ನಾಲ್ಕು ಬಣ್ಣ ತೋರಿಸುವ ಹಲಗೆ. ಅದರ ಹಸಿವಿಗೆ ಮದರ್‌ಬೋರ್ಡಿನ ಕಿಂಡಿಯಿಂದ ಸಿಗುವ ಕೆಲವೇ ವ್ಯಾಟು ಸಾಕಿತ್ತು.

ಎಟಿ ಕಾಲದ ಡಬ್ಬಿಗಳನ್ನು ಬಿಚ್ಚಿ ಜೋಡಿಸಿದವರಿಗೆ ಪಿ8, ಪಿ9 ಎಂಬ ಎರಡು ಕನೆಕ್ಟರುಗಳ ನೆನಪಿರಬಹುದು. ಎರಡನ್ನೂ ಅಕ್ಕಪಕ್ಕ ಚುಚ್ಚಬೇಕು, ಕಪ್ಪು ವೈರುಗಳು ನಡುವೆ ಒಟ್ಟಿಗೆ ಬರಬೇಕು. ಅದಲುಬದಲಾದರೆ ಮದರ್‌ಬೋರ್ಡಿಗೆ ತಿಥಿ. ಇನ್ನು ಮುಂದಿನ ಸ್ವಿಚ್ಚಿಗೆ ಗೋಡೆಯ ಕರೆಂಟೇ ನೇರವಾಗಿ ಬರುತ್ತಿತ್ತು. ವಿಂಡೋಸ್ 95ರಲ್ಲಿ ಶಟ್‌ಡೌನ್ ಕೊಟ್ಟರೆ ಕಪ್ಪು ಪರದೆಯ ಮೇಲೆ ಕಿತ್ತಳೆ ಬಣ್ಣದಲ್ಲಿ "ಇನ್ನು ಆರಿಸಬಹುದು" ಎಂಬರ್ಥದ ಸಾಲು ಬರುತ್ತಿತ್ತಲ್ಲ, ಅದಕ್ಕೆ ಕಾರಣ ಇದೇ. ತನ್ನನ್ನು ತಾನೇ ಆರಿಸಿಕೊಳ್ಳಲು ಯಂತ್ರಕ್ಕೆ ಬರುತ್ತಿರಲಿಲ್ಲ.

1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಪದ್ಧತಿ ಇದನ್ನೆಲ್ಲ ಸರಿಮಾಡಿತು. ತಿರುಗಿಸಿ ಚುಚ್ಚಲಾಗದ 20 ಕಾಲಿನ ಒಂದೇ ಕನೆಕ್ಟರು, ಹೊಸದಾಗಿ 3.3 ವೋಲ್ಟು, ಜೊತೆಗೆ ಕಂಪ್ಯೂಟರ್ ಆರಿದ್ದಾಗಲೂ ಉಳಿಯುವ 5 ವೋಲ್ಟಿನ ಸಣ್ಣ ದೀಪದಂಥ ಸಾಲು. ಸಾಫ್ಟ್‌ವೇರ್ ಹೇಳಿದರೆ ಯಂತ್ರ ಆರುವಂತಾಯಿತು. ಆದರೆ ಎಟಿಎಕ್ಸ್ ಬಂದಾಗಲೂ ಯಜಮಾನ 5 ವೋಲ್ಟೇ.

ಹಸಿದ ಕಾರ್ಡುಗಳು

ಅಷ್ಟರಲ್ಲಿ 3ಡಿ ಆಟಗಳು ಬಂದವು. 1996ರ ವೂಡೂ ಕಾರ್ಡು ಪಿಸಿಐ ಕಿಂಡಿಯಲ್ಲಿ ಕೂತು, ಅಲ್ಲಿಂದ ಸಿಗುವ ಗರಿಷ್ಠ 25 ವ್ಯಾಟಿನೊಳಗೇ ಸಂಸಾರ ಮಾಡುತ್ತಿತ್ತು. ಆಮೇಲೆ ಗ್ರಾಫಿಕ್ಸಿಗೆಂದೇ ಎಜಿಪಿ ಕಿಂಡಿ ಬಂತು, ಅದರಿಂದ ಸಿಗುತ್ತಿದ್ದದ್ದು 50 ವ್ಯಾಟಿಗಿಂತ ಒಂದಿಷ್ಟು ಕಡಿಮೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಅಲ್ಲಿಯವರೆಗೆ ನಡೆಯಿತು.

2000ದಲ್ಲಿ 3ಡಿಎಫ್‌ಎಕ್ಸ್ ಕಂಪನಿ ತನ್ನ ವೂಡೂ 5 5500 ಕಾರ್ಡಿನ ಹಿಂಬದಿಗೆ ನಾಲ್ಕು ಕಾಲಿನ ಮೊಲೆಕ್ಸ್ ಕನೆಕ್ಟರ್ ಇಟ್ಟಿತು. ಹಾರ್ಡ್ ಡಿಸ್ಕಿಗೆ ಹಾಕುತ್ತೇವಲ್ಲ, ಅದೇ ಹಳದಿ-ಕಪ್ಪು-ಕಪ್ಪು-ಕೆಂಪು. ಗ್ರಾಫಿಕ್ಸ್ ಕಾರ್ಡು ಡಿಸ್ಕಿನ ಎಲೆಯಲ್ಲಿ ಊಟಕ್ಕೆ ಕೂತಿತು ಅನ್ನಿ. ನಾಲ್ಕು ಚಿಪ್ಪುಗಳ ಅದರ ಅಣ್ಣ ವೂಡೂ 5 6000ಕ್ಕೆ ಡಬ್ಬಿಯೊಳಗಿನ ಊಟ ಸಾಲದೆ, ಹೊರಗಡೆ ಗೋಡೆಗೆ ಚುಚ್ಚುವ ಪ್ರತ್ಯೇಕ ಅಡಾಪ್ಟರ್ ಯೋಚಿಸಿದ್ದರು. ಅದು ಮಾರುಕಟ್ಟೆಗೆ ಬರಲೇ ಇಲ್ಲ. 2000ದ ಡಿಸೆಂಬರಿನಲ್ಲಿ ಕಂಪನಿ ತನ್ನ ಆಸ್ತಿಯನ್ನು ಎನ್ವಿಡಿಯಾಗೆ ಮಾರಲು ಒಪ್ಪಿಕೊಂಡಿತು.

2002ರಲ್ಲಿ ಎಟಿಐನ ರೇಡಿಯಾನ್ 9700 ಪ್ರೊ ಫ್ಲಾಪಿ ಡ್ರೈವಿನ ಪುಟ್ಟ ಕನೆಕ್ಟರನ್ನು ಕೇಳಿತು. 2003ರ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾಗೆ ಮೊಲೆಕ್ಸ್ ಬೇಕಾಯಿತು. ಅದರ ಫ್ಯಾನಿನ ಸದ್ದು ಎಷ್ಟಿತ್ತೆಂದರೆ ಎನ್ವಿಡಿಯಾದವರೇ ಅದನ್ನು ಎಲೆ ಊದುವ ಯಂತ್ರಕ್ಕೆ ಹೋಲಿಸಿ ತಮಾಷೆಯ ವಿಡಿಯೋ ಮಾಡಿದ್ದರು! 2004ರ 6800 ಅಲ್ಟ್ರಾ ಎರಡು ಮೊಲೆಕ್ಸ್ ಕೇಳಿತು, ಜೊತೆಗೆ ಕಂಪನಿ 480 ವ್ಯಾಟಿನ ಎಸ್ಸೆಂಪಿಎಸ್ ಇರಲಿ ಅಂದಿತು. ಕ್ಯಾಬಿನೆಟ್ಟಿನ ಜೊತೆ ಬಂದ ಡಬ್ಬಿಯಲ್ಲೇ ಕಂಪ್ಯೂಟರ್ ನಡೆಸುತ್ತಿದ್ದವರಿಗೆ ಆ ಸಂಖ್ಯೆ ಓದಿ ತಲೆ ತಿರುಗಿತು. ಎಸ್ಸೆಂಪಿಎಸ್ಸನ್ನು ಬೇರೆಯಾಗಿ ಯೋಚಿಸಿ ಕೊಳ್ಳುವ ಅಭ್ಯಾಸ ಹೆಚ್ಚಿನವರಿಗೆ ಶುರುವಾದದ್ದು ಈ ಕಾಲದಲ್ಲೇ ಇರಬೇಕು ಅಂತ ನನಗನಿಸುತ್ತದೆ.

ಆಳು ಅರಸನಾದದ್ದು

ಇದೇ ಹೊತ್ತಿಗೆ ಡಬ್ಬಿಯೊಳಗೆ ಸದ್ದಿಲ್ಲದೆ ಒಂದು ಕ್ರಾಂತಿ ನಡೆಯಿತು. ಪೆಂಟಿಯಂ 4 ಜೊತೆ 2000ದಲ್ಲಿ ಎಟಿಎಕ್ಸ್12ವಿ ಎಂಬ ಹೊಸ ಪದ್ಧತಿ ಬಂತು. ಪ್ರಾಸೆಸರಿಗೆ ಅಂತಲೇ ನಾಲ್ಕು ಕಾಲಿನ 12 ವೋಲ್ಟ್ ಕನೆಕ್ಟರು.

ಯಾಕೆ 12? ಗುಣಾಕಾರ ಮಾಡಿ ನೋಡಿ. 60 ವ್ಯಾಟನ್ನು 5 ವೋಲ್ಟಿನಲ್ಲಿ ಸಾಗಿಸಲು 12 ಆಂಪಿಯರ್ ಬೇಕು. ಅದನ್ನೇ 12 ವೋಲ್ಟಿನಲ್ಲಿ ಸಾಗಿಸಲು 5 ಆಂಪಿಯರ್ ಸಾಕು. ವೈರು ಬಿಸಿಯಾಗುವುದು ಆಂಪಿಯರಿನ ವರ್ಗದ ಲೆಕ್ಕದಲ್ಲಿ, 144ರ ಎದುರು 25. ನಮ್ಮ ಶರಾವತಿಯಿಂದ ಬರುವ ವಿದ್ಯುತ್ತನ್ನು ಸಾವಿರಾರು ವೋಲ್ಟಿಗೆ ಏರಿಸಿ ಸಾಗಿಸುವುದೂ ಇದೇ ಕಾರಣಕ್ಕೆ. ಹಾಗಾಗಿ ಪ್ರಾಸೆಸರು, ಗ್ರಾಫಿಕ್ಸ್ ಕಾರ್ಡು ಎರಡೂ 12 ವೋಲ್ಟು ತೆಗೆದುಕೊಂಡು, ತಮಗೆ ಬೇಕಾದ ಒಂದು ಚಿಲ್ಲರೆ ವೋಲ್ಟಿಗೆ ತಾವೇ ಪಕ್ಕದಲ್ಲಿ ಇಳಿಸಿಕೊಳ್ಳತೊಡಗಿದವು. ಫ್ಲಾಪಿ ಮೋಟಾರು ತಿರುಗಿಸುತ್ತಿದ್ದ ಆಳು ಅರಸನಾದ. 5 ವೋಲ್ಟು ಮನೆಯ ಮೂಲೆಯಲ್ಲಿ ಕೂತ ಅಜ್ಜನಾಯಿತು. 2019ರಲ್ಲಿ ಇಂಟೆಲ್ 12 ವೋಲ್ಟ್ ಒಂದೇ ಸಾಕು ಅನ್ನುವ ಪದ್ಧತಿಯನ್ನೂ ಮುಂದಿಟ್ಟಿತು.

ಸಮಸ್ಯೆ ಏನೆಂದರೆ, ಡಬ್ಬಿಯ ಮೇಲಿನ ಒಟ್ಟು ವ್ಯಾಟ್ ಸಂಖ್ಯೆಯಲ್ಲಿ ಈ ಕ್ರಾಂತಿ ಕಾಣುವುದಿಲ್ಲ. ಹಳೇ ನಕ್ಷೆಯಲ್ಲಿ 5 ಮತ್ತು 3.3 ವೋಲ್ಟಿಗೇ ಹೆಚ್ಚು ಕೊಟ್ಟು, ಎಲ್ಲವನ್ನೂ ಕೂಡಿಸಿ ದೊಡ್ಡ ಸಂಖ್ಯೆ ಅಂಟಿಸಿದ ಅಗ್ಗದ ಡಬ್ಬಿಗಳು ಅಂಗಡಿಗಳಲ್ಲಿ ಬಹುಕಾಲ ಉಳಿದವು.

2017ರ ಮಾತು. ನಮ್ಮ ಬೀದಿಯ ಹುಡುಗನೊಬ್ಬ ಅನಿಮೇಶನ್ ಕೋರ್ಸ್ ಸೇರಿದ್ದ. ಅವನಮ್ಮ ಚೀಟಿ ಎತ್ತಿ ಕಂಪ್ಯೂಟರಿಗೆ ದುಡ್ಡು ಹೊಂದಿಸಿದ್ದರು. ಅದರಲ್ಲಿ ಅರ್ಧದಷ್ಟು ಗ್ರಾಫಿಕ್ಸ್ ಕಾರ್ಡಿಗೇ ಹೋಗುತ್ತಿತ್ತು, ಜಿಟಿಎಕ್ಸ್ 1070. ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯವರು ಲೈಟು ಮಿನುಗುವ ಕ್ಯಾಬಿನೆಟ್ ತೋರಿಸಿ, "450 ವ್ಯಾಟ್ ಎಸ್ಸೆಂಪಿಎಸ್ ಫ್ರೀ ಸಾರ್" ಅಂದರು. ಕಾರ್ಡಿಗೆ ಬೇಕಾದ 8 ಕಾಲಿನ ಕನೆಕ್ಟರ್ ಆ ಡಬ್ಬಿಯಲ್ಲಿ ಇರಲಿಲ್ಲ. "ಮೊಲೆಕ್ಸಿಂದ ಕನ್ವರ್ಟರ್ ಹಾಕಿದ್ರಾಯ್ತು, ಎಲ್ರೂ ಹಾಗೇ ಹಾಕಿಸ್ಕೋತಾರೆ."

ನಾನು ಡಬ್ಬಿಯನ್ನು ತಿರುಗಿಸಿ ಪಕ್ಕದ ಚೀಟಿ ಓದಿದೆ. 12 ವೋಲ್ಟಿನ ಕೆಳಗೆ 16 ಆಂಪಿಯರ್ ಅಂತಿತ್ತು. ಹುಡುಗನಿಗೇ ಗುಣಿಸಲು ಹೇಳಿದೆ. ಬಿಲ್ಲಿನ ಹಿಂದೆ ಬರೆದ: 192. ನೆನಪಾಯಿತೇ? 1984ರ ಐಬಿಎಂ ಎಟಿ! ಕಾರ್ಡಿಗೆ 150 ವ್ಯಾಟ್, ಪ್ರಾಸೆಸರಿಗೆ 65, ಅಲ್ಲಿಗೇ 215. ಇನ್ನು ಡಿಸ್ಕು, ಫ್ಯಾನು ಬೇರೆ. ಮೇಲೆ 450 ಅಂತ ಬರೆದದ್ದರಲ್ಲಿ ಈ ಯಂತ್ರದ ಕೆಲಸಕ್ಕೆ ಬರುವುದು 192 ಮಾತ್ರ.

ಅಂಗಡಿಯವರು ಮೋಸ ಮಾಡುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಆ ಡಬ್ಬಿ ಹಾಕಿದರೂ ಯಂತ್ರ ಆನ್ ಆಗುತ್ತಿತ್ತು, ಡೆಸ್ಕ್‌ಟಾಪ್ ಬರುತ್ತಿತ್ತು, ಬ್ರೌಸರ್ ತೆರೆಯುತ್ತಿತ್ತು. ರೆಂಡರಿಂಗ್ ಅಂತ ಕಾರ್ಡು, ಪ್ರಾಸೆಸರು ಎರಡೂ ಗಂಟೆಗಟ್ಟಲೆ ಪೂರ್ತಿ ದುಡಿಯುವ ರಾತ್ರಿ ತೊಂದರೆ ಬರುವುದು. ನಾವು ಮಿನುಗುವ ಕ್ಯಾಬಿನೆಟ್ ಬಿಟ್ಟು ಸಾದಾ ಪೆಟ್ಟಿಗೆ ತಗೊಂಡು, ಉಳಿದ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ 12 ವೋಲ್ಟಿನಲ್ಲೇ 45 ಆಂಪಿಯರ್ ಕೊಡುವ 550 ವ್ಯಾಟಿನ ಡಬ್ಬಿ ಹಾಕಿಸಿದೆವು. ಅದು ಇವತ್ತಿಗೂ ಅವನ ಎರಡನೇ ಕಂಪ್ಯೂಟರಿನಲ್ಲಿ ಓಡುತ್ತಿದೆ. ಅವನ ಸಹಪಾಠಿಯೊಬ್ಬ ಬೇರೆ ಕಡೆ ಅದೇ ಕಾರ್ಡಿಗೆ ಪುಕ್ಕಟೆ ಡಬ್ಬಿ ಹಾಕಿಸಿಕೊಂಡಿದ್ದ. ಐದನೇ ತಿಂಗಳಲ್ಲಿ, ಪ್ರಾಜೆಕ್ಟ್ ಒಪ್ಪಿಸುವ ವಾರ, ಡಬ್ಬಿ ಪಟ್ ಅಂತು. ಹೋಗುವಾಗ ಮದರ್‌ಬೋರ್ಡನ್ನೂ ಕಾರ್ಡನ್ನೂ ಕರಕೊಂಡು ಹೋಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಆ ಮಿನುಗುವ ದೀಪಗಳನ್ನು ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುವುದು.

ಕನೆಕ್ಟರುಗಳ ಮರ್ಯಾದೆ

2004ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡುಗಳು ಬಂದ ಮೇಲೆ ಊಟದ ಲೆಕ್ಕ ಶಿಸ್ತಿಗೆ ಬಂತು. ಕಿಂಡಿಯಿಂದ 75 ವ್ಯಾಟ್. 6 ಕಾಲಿನ ಕನೆಕ್ಟರಿನಿಂದ ಇನ್ನೊಂದು 75. 2007ರ ರೇಡಿಯಾನ್ ಎಚ್‌ಡಿ 2900 ಎಕ್ಸ್‌ಟಿ ಹೊತ್ತಿಗೆ ಬಂದ 8 ಕಾಲಿನದರಿಂದ 150. ಕಾರ್ಡಿನ ಅಂಚು ನೋಡಿದರೆ ಸಾಕು, ಅದರ ಹಸಿವಿನ ಮಿತಿ ತಿಳಿಯುತ್ತದೆ. ಕಿಂಡಿ ಮತ್ತು ಒಂದು 8 ಕಾಲಿನದು ಅಂದರೆ 225, ಎರಡು 8 ಕಾಲಿನವು ಅಂದರೆ 375.

ಇಲ್ಲೊಂದು ಒಳ್ಳೆಯ ಗುಣವಿತ್ತು. 150 ವ್ಯಾಟನ್ನು 12ರಿಂದ ಭಾಗಿಸಿದರೆ 12.5 ಆಂಪಿಯರ್. ಅದು ಮೂರು ವೈರುಗಳಲ್ಲಿ ಹಂಚಿಹೋದರೆ ಒಂದೊಂದಕ್ಕೆ ನಾಲ್ಕು ಚಿಲ್ಲರೆ. ಆ ಲೋಹದ ಕಾಲುಗಳು ಏಳೆಂಟು ಆಂಪಿಯರ್ ತಡೆಯಬಲ್ಲವು. ಅಂದರೆ ಅರ್ಧ ಶಕ್ತಿಯನ್ನು ಆಪತ್ಕಾಲಕ್ಕೆ ಅಂತ ಕಾದಿರಿಸಿದ್ದರು. ನಮ್ಮಜ್ಜಿ ಕಣಜದಲ್ಲಿ ಮುಂದಿನ ವರ್ಷಕ್ಕೂ ಭತ್ತ ಉಳಿಸುತ್ತಿದ್ದ ಹಾಗೆ.

ಅದೇ 2004ರಲ್ಲಿ 80 ಪ್ಲಸ್ ಯೋಜನೆಯೂ ಶುರುವಾಯಿತು. 20, 50 ಮತ್ತು 100 ಶೇಕಡಾ ಹೊರೆಯಲ್ಲಿ ಕನಿಷ್ಠ 80 ಶೇಕಡಾ ದಕ್ಷತೆ ತೋರಿಸಿದ ಡಬ್ಬಿಗೆ ಒಂದು ಬಿಲ್ಲೆ. 2008ರಿಂದ ಕಂಚು, ಬೆಳ್ಳಿ, ಚಿನ್ನ ಅಂತ ಪದಕಗಳೂ ಬಂದವು. ಇಲ್ಲಿ ಬಹಳ ಜನಕ್ಕೆ ಗೊಂದಲ. 500 ವ್ಯಾಟಿನ ಡಬ್ಬಿ 80 ಶೇಕಡಾ ದಕ್ಷವಾದರೆ 400 ವ್ಯಾಟ್ ಮಾತ್ರ ಕೊಡುತ್ತದೆ ಅಂತಲ್ಲ. ಅದು ಕೊಡುವುದು 500, ಗೋಡೆಯಿಂದ ಎಳೆಯುವುದು 625. ಉಳಿದ 125 ಶಾಖ. ಅದೇ 90 ಶೇಕಡಾ ಆದರೆ ಎಳೆಯುವುದು ಸುಮಾರು 555. ಚಿನ್ನದ ಪದಕ ಹೇಳುವುದು ನಿಮ್ಮ ಕರೆಂಟ್ ಬಿಲ್ಲಿನ ವಿಷಯ ಮಾತ್ರ. ಒಳಗಿನ ಕೆಪಾಸಿಟರುಗಳು ಎಷ್ಟು ವರ್ಷ ಬಾಳುತ್ತವೆ ಅಂತಲ್ಲ. ಇನ್ನೊಂದು, ಆ ಪರೀಕ್ಷೆ ನಡೆಯುವುದು ಸುಮಾರು 23 ಡಿಗ್ರಿಯ ತಂಪು ಕೋಣೆಯಲ್ಲಿ. ರಾಯಚೂರು, ಕಲಬುರಗಿಯ ಮೇ ತಿಂಗಳು ಅವರಿಗೇನು ಗೊತ್ತು?

ಕ್ಷಣದ ಹಸಿವು, ಕರಗಿದ ಪ್ಲಾಸ್ಟಿಕ್ಕು

ಮುಂದಿನ ತಿರುವು 2020ರದ್ದು. ಎನ್ವಿಡಿಯಾದ ಆರ್‌ಟಿಎಕ್ಸ್ 3080, 3090 ಬಂದವು. 3090ರದು 350 ವ್ಯಾಟ್. ಲೆಕ್ಕದಲ್ಲಿ ಸಾಕಷ್ಟು ದೊಡ್ಡ ಡಬ್ಬಿ ಇಟ್ಟವರ ಕಂಪ್ಯೂಟರೂ ಆಟದ ನಡುವೆ ದಿಢೀರ್ ಆರಿಹೋಗತೊಡಗಿತು. ಕಾರಣ: 350 ಅನ್ನುವುದು ಸರಾಸರಿ. ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಕಾರ್ಡು ಅದಕ್ಕಿಂತ ಬಹಳ ಹೆಚ್ಚು ಎಳೆಯುತ್ತಿತ್ತು. ಡಬ್ಬಿಯೊಳಗಿನ ಕಾವಲುಗಾರ ಅದನ್ನು ಶಾರ್ಟ್ ಸರ್ಕ್ಯೂಟ್ ಅಂದುಕೊಂಡು ಬಾಗಿಲು ಹಾಕುತ್ತಿದ್ದ. ಬಸ್ಸಿನಲ್ಲಿ ದಿನಕ್ಕೆ ಸರಾಸರಿ ನಲವತ್ತು ಜನ ಅಂದರೆ ಬೆಳಗಿನ ಒಂಬತ್ತು ಗಂಟೆಯ ನೂಕುನುಗ್ಗಲು ಕಾಣುವುದಿಲ್ಲವಲ್ಲ, ಹಾಗೆ.

2022ರ ಎಟಿಎಕ್ಸ್ 3.0 ಇದಕ್ಕೆ ಉತ್ತರ. ಹೊಸ ಕನೆಕ್ಟರ್ ಇರುವ ದೊಡ್ಡ ಡಬ್ಬಿಗಳು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಹೊತ್ತು ತಮ್ಮ ಸಾಮರ್ಥ್ಯದ ಎರಡು ಪಟ್ಟು ಹೊರೆಯನ್ನು ತಡೆಯಬೇಕು ಅಂತ ಅದರ ನಿಯಮ. ಆದರೆ ಆ ಹೊಸ ಕನೆಕ್ಟರೇ ಇನ್ನೊಂದು ಕತೆಯಾಯಿತು.

12ವಿಎಚ್‌ಪಿಡಬ್ಲ್ಯುಆರ್ ಎಂಬ ಬಾಯಿಗೆ ಬಾರದ ಹೆಸರಿನ ಈ ಕನೆಕ್ಟರಿಗೆ 16 ಕಾಲು. 12 ಕಾಲುಗಳು ವಿದ್ಯುತ್ತಿಗೆ, 4 ಪುಟ್ಟ ಕಾಲುಗಳು ಸಂದೇಶಕ್ಕೆ. ಇದೊಂದರಿಂದಲೇ 600 ವ್ಯಾಟ್! ಈಗ ಮತ್ತೆ ಭಾಗಾಕಾರ: 600ನ್ನು 12ರಿಂದ ಭಾಗಿಸಿದರೆ 50 ಆಂಪಿಯರ್. ಹೋಗುವ ಕಾಲು ಆರು. ಒಂದೊಂದಕ್ಕೆ 8.3 ಆಂಪಿಯರ್. ತಡೆಯುವ ಶಕ್ತಿ ಒಂಬತ್ತು ಚಿಲ್ಲರೆ. ಅಜ್ಜಿಯ ಕಣಜ ಬರಿದಾಗಿತ್ತು.

2022ರ ಅಕ್ಟೋಬರಿನಲ್ಲಿ 450 ವ್ಯಾಟಿನ ಆರ್‌ಟಿಎಕ್ಸ್ 4090 ಬಂತು. ಅದೇ ತಿಂಗಳು ಕನೆಕ್ಟರ್ ಕರಗಿದ ಚಿತ್ರಗಳೂ ಬಂದವು. ತಮಗೆ ತಿಳಿದಂತೆ ಇಂಥವು ಸುಮಾರು 50, ಪೂರ್ತಿ ಒತ್ತಿ ಚುಚ್ಚದಿದ್ದದ್ದು ಕಾರಣ ಅಂತ ಎನ್ವಿಡಿಯಾ ನವೆಂಬರಿನಲ್ಲಿ ಹೇಳಿತು. 2023ರಲ್ಲಿ 12ವಿ-2x6 ಎಂಬ ತಿದ್ದಿದ ರೂಪ ಬಂತು. ಅದರಲ್ಲಿ ಸಂದೇಶದ ಕಾಲುಗಳು ಗಿಡ್ಡ, ಪೂರ್ತಿ ಚುಚ್ಚದಿದ್ದರೆ ಕಾರ್ಡು ಉಣ್ಣಲು ಶುರುವೇ ಮಾಡಬಾರದು ಅಂತ. 2025ರ ಜನವರಿಯಲ್ಲಿ 575 ವ್ಯಾಟಿನ ಆರ್‌ಟಿಎಕ್ಸ್ 5090 ಬಂದ ಮೇಲೆ ಕರಗಿದ ವರದಿಗಳು ಮತ್ತೆ ಕೆಲವು ಕಾಣಿಸಿಕೊಂಡವು. ಆರು ಕಾಲುಗಳಲ್ಲಿ ಎರಡು ಮೂರು ಸಡಿಲವಾದರೆ ಅವುಗಳ ಪಾಲಿನ ಹೊರೆ ಉಳಿದವುಗಳ ಹೆಗಲಿಗೆ ಬೀಳುತ್ತದೆ. ಕಾದಿಟ್ಟ ಶಕ್ತಿಯಿಲ್ಲದ ಕಡೆ ಅದನ್ನು ಹೊರುವವರು ಯಾರು?

ಹಾಗಾದರೆ ಆರಿಸುವುದು ಹೇಗೆ?

ಚರಿತ್ರೆ ಓದಿದ್ದಕ್ಕೆ ಏನಾದರೂ ಪ್ರಯೋಜನ ಬೇಕಲ್ಲ. ನಾನು ಅನುಸರಿಸುವ ಕ್ರಮ ಹೀಗಿದೆ.

ಮೊದಲು ಚೀಟಿಯಲ್ಲಿ 12 ವೋಲ್ಟಿನ ಆಂಪಿಯರನ್ನು 12ರಿಂದ ಗುಣಿಸಿ. ಬಂದದ್ದು ಡಬ್ಬಿಯ ಒಟ್ಟು ಸಂಖ್ಯೆಗೆ ಹತ್ತಿರವಿದ್ದರೆ ಅದು ಈ ಕಾಲದ ಡಬ್ಬಿ. 12ವಿ1, 12ವಿ2 ಅಂತ ಎರಡು ಸಾಲಿದ್ದರೆ ಎರಡನ್ನೂ ಸುಮ್ಮನೆ ಕೂಡಬೇಡಿ, ಒಟ್ಟಾಗಿ ಎಷ್ಟು ಅಂತ ಕೆಳಗೆ ಬೇರೆ ಬರೆದಿರುತ್ತಾರೆ.

ಎರಡನೆಯದು, ಕಾರ್ಡಿನ ವ್ಯಾಟು, ಪ್ರಾಸೆಸರಿನ ಗರಿಷ್ಠ ವ್ಯಾಟು ಕೂಡಿ. ಗರಿಷ್ಠ ಅನ್ನುವುದು ಮುಖ್ಯ. 2022ರ ಇಂಟೆಲ್ ಐ9-13900ಕೆ ಪ್ರಾಸೆಸರಿನ ಮೂಲ ಸಂಖ್ಯೆ 125, ಗರಿಷ್ಠ 253. ಉಳಿದ ಚಿಲ್ಲರೆಗೆ 60-70 ಸೇರಿಸಿ. ಬಂದ ಮೊತ್ತ ಡಬ್ಬಿಯ 12 ವೋಲ್ಟ್ ಶಕ್ತಿಯ ಮೂರನೇ ಎರಡು ಭಾಗದೊಳಗಿದ್ದರೆ ನಿಶ್ಚಿಂತೆ. ಹಾಗಂತ 115 ವ್ಯಾಟಿನ ಆರ್‌ಟಿಎಕ್ಸ್ 4060 ಕಾರ್ಡಿಗೆ 1000 ವ್ಯಾಟಿನ ಡಬ್ಬಿ ಬೇಡ. ಕಂಪನಿಯೇ 550 ಸಾಕು ಅನ್ನುತ್ತದೆ. ಆ 550ರಲ್ಲೂ ಅಗ್ಗದ ಡಬ್ಬಿಗಳ ಮೇಲಿನ ಅಪನಂಬಿಕೆಯ ಪಾಲಿದೆ ಅಂತ ನನ್ನ ಗುಮಾನಿ.

ಮೂರನೆಯದು ವೈರು. ಕಾರ್ಡು ಕೇಳುವ ಕನೆಕ್ಟರು ಡಬ್ಬಿಯಿಂದಲೇ ಬರಬೇಕು. ಮೊಲೆಕ್ಸ್ ಕನ್ವರ್ಟರ್ ಬೇಕಾಯಿತು ಅಂದರೆ ಡಬ್ಬಿ ಆ ಕಾರ್ಡಿಗೆ ಹುಟ್ಟಿದ್ದಲ್ಲ ಅಂತಲೇ ಅರ್ಥ. ಬಿಚ್ಚಿ ಹಾಕುವ ವೈರುಗಳಿರುವ ಡಬ್ಬಿಯಾದರೆ ಒಂದು ಕಂಪನಿಯ ವೈರನ್ನು ಇನ್ನೊಂದರ ಡಬ್ಬಿಗೆ ಖಂಡಿತ ಚುಚ್ಚಬೇಡಿ. ಕಾರ್ಡಿನ ಕಡೆಯ ತುದಿಗೆ ನಿಯಮವಿದೆ, ಡಬ್ಬಿಯ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ಕೂರುತ್ತದೆ, ಆದರೆ ಸುಡುತ್ತದೆ.

ನಾಲ್ಕನೆಯದು ನಮ್ಮ ಕಡೆಯ ಮಾತು: ಯುಪಿಎಸ್. 600 ವಿಎ ಅಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360ರ ಆಸುಪಾಸು. ಅಗ್ಗದ ಯುಪಿಎಸ್‌ಗಳು ಕರೆಂಟ್ ಹೋದಾಗ ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುತ್ತವೆ, ಇಂದಿನ ಒಳ್ಳೆಯ ಎಸ್ಸೆಂಪಿಎಸ್ಸುಗಳಲ್ಲಿ ಕೆಲವು ಅದನ್ನು ಒಪ್ಪದೆ ಆರಿಹೋಗುತ್ತವೆ. ದುಬಾರಿ ಡಬ್ಬಿ ಹಾಕಿಸಿದ ಮೇಲೆ ಯುಪಿಎಸ್ ಇದ್ದೂ ಕಂಪ್ಯೂಟರ್ ಆರುತ್ತಿದೆ ಅಂದರೆ ಡಬ್ಬಿಯನ್ನು ಬೈಯುವ ಮೊದಲು ಇದನ್ನು ನೋಡಿ.

ಬೋಶರ್ಟ್, ಹೋಲ್ಟ್ ಹೆಸರುಗಳು ಯಾವ ಡಬ್ಬಿಯ ಮೇಲೂ ಇಲ್ಲ. ಆದರೆ ಅವರು ಮಾಡಿದ ಕೆಲಸದ ಹೆಸರನ್ನು ನಮ್ಮ ಅಂಗಡಿಯ ಹುಡುಗರು ದಿನಕ್ಕೆ ಹತ್ತು ಸಲ ಕೂಗುತ್ತಾರೆ, ಅದು ನನಗೆ ಖುಷಿಯ ವಿಷಯ. ನಿಮ್ಮ ಮೇಜಿನ ಕೆಳಗೂ ಒಂದು ಡಬ್ಬಿ ಇರುತ್ತದಲ್ಲ? ಈ ಭಾನುವಾರ ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು, ಧೂಳು ಒರೆಸಿ ಆ ಚೀಟಿ ಓದಿ. (ಡಬ್ಬಿಯನ್ನೇ ಬಿಚ್ಚಲು ಹೋಗಬೇಡಿ ಮತ್ತೆ, ಪ್ಲಗ್ ಕಿತ್ತ ಮೇಲೂ ಒಳಗೆ ಅಪಾಯದ ಕರೆಂಟು ಉಳಿದಿರುತ್ತದೆ.) 12 ವೋಲ್ಟಿನ ಸಾಲಿನಲ್ಲಿ ಎಷ್ಟಿದೆ, ಮೇಲೆ ದಪ್ಪಕ್ಷರದಲ್ಲಿ ಎಷ್ಟಿದೆ, ನನಗೂ ತಿಳಿಸಿ. ಐಬಿಎಂ ಎಟಿಯ 192ಕ್ಕಿಂತ ಕಡಿಮೆ ಯಾರದ್ದಾದರೂ ಬಂದರೆ ಹೊಸ ಕಾರ್ಡಿನ ಆಸೆ ಸದ್ಯಕ್ಕೆ ಬದಿಗಿಟ್ಟು, ಮೊದಲು ಡಬ್ಬಿ ಬದಲಾಯಿಸಿ.